ಕಚೇರಿಯ ಕಂಪ್ಯೂಟರ್ ನೆಟ್‌ವರ್ಕ್ ಕಾಪಾಡುವುದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ

ತುಮಕೂರು ಜಿಲ್ಲೆಯ ಸಣ್ಣ ಕಚೇರಿಗಳಲ್ಲಿ ಸಿಸ್ಟಮ್, ಲ್ಯಾನ್, ವೈಫೈ ನೋಡಿಕೊಳ್ಳುವುದು ನನ್ನ ಕೆಲಸ. ಅಂತರಸನಹಳ್ಳಿ ಯಾರ್ಡ್‌ನ ಮಂಡಿ, ತಿಪಟೂರಿನ ಕೊಬ್ಬರಿ ವ್ಯಾಪಾರ, ಪತ್ತಿನ ಸಹಕಾರ ಸಂಘ, ಶಾಲೆ, ಕ್ಲಿನಿಕ್, ವಸಂತನರಸಾಪುರದ ಸಣ್ಣ ಕಾರ್ಖಾನೆ, ಹೀಗೆ ದಿನಕ್ಕೊಂದು ಕಡೆ ಹೋಗುತ್ತೇನೆ. ಎಲ್ಲ ಕಡೆ ಒಂದೇ ತೊಂದರೆ ನೋಡುತ್ತಿದ್ದೇನೆ. ಯಾರೂ ಏನೂ ಮಾಡಿಲ್ಲ ಅಂತಲ್ಲ. ಆಂಟಿವೈರಸ್‌ಗೆ ದುಡ್ಡು ಕಟ್ಟಿರುತ್ತಾರೆ, ಬ್ಯಾಕಪ್‌ಗೆ ಹಾರ್ಡ್‌ಡಿಸ್ಕ್ ತಂದಿರುತ್ತಾರೆ. ಆದರೆ ಮಾಡಿದ ಕ್ರಮ ತಪ್ಪಿರುತ್ತದೆ. ಮುಂಬಾಗಿಲಿಗೆ ದೊಡ್ಡ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ಹಾಗೇ ಬಿಟ್ಟಿರುತ್ತಾರೆ.

ಒಂದು ಸೋಮವಾರ ಬೆಳಿಗ್ಗೆ ಒಂದು ಸಂಘದಿಂದ ಫೋನ್ ಬಂತು. ಹೋಗಿ ನೋಡಿದರೆ ಸರ್ವರ್‌ನಲ್ಲಿದ್ದ (ಎಲ್ಲರ ಡೇಟಾ ಇಡುವ ಮುಖ್ಯ ಸಿಸ್ಟಮ್) ಫೈಲ್‌ಗಳೆಲ್ಲ ಬಿಳಿ ಹಾಳೆಯ ಐಕಾನ್ ಆಗಿದ್ದವು. ಪ್ರತಿ ಹೆಸರಿನ ಕೊನೆಗೂ ಅರ್ಥವಿಲ್ಲದ ಆರು ಅಕ್ಷರ ಅಂಟಿಕೊಂಡಿತ್ತು. ಪ್ರತಿ ಫೋಲ್ಡರ್‌ನಲ್ಲೂ ದುಡ್ಡು ಕೇಳುವ ಒಂದು ನೋಟ್‌ಪ್ಯಾಡ್ ಫೈಲ್. ‘ಬ್ಯಾಕಪ್ ಇದೆ ಸಾರ್, ಇಲ್ಲೇ ಇದೆ’ ಅಂತ ಲೆಕ್ಕ ನೋಡುವ ಮೇಡಂ ಸಿಪಿಯು ಹಿಂದಕ್ಕೆ ಕೈ ತೋರಿಸಿದರು. ಹಾರ್ಡ್‌ಡಿಸ್ಕ್ ರಬ್ಬರ್‌ಬ್ಯಾಂಡ್ ಸುತ್ತಿಸಿಕೊಂಡು ಅಲ್ಲೇ ನೇತಾಡುತ್ತಿತ್ತು. ನೀಲಿ ದೀಪ ಮಿನುಗುತ್ತಿತ್ತು. ಅದನ್ನು ತಂದ ದಿನದಿಂದ ಯಾರೂ ಕಿತ್ತಿರಲಿಲ್ಲ. ಅದರೊಳಗಿನ ಫೈಲ್‌ಗಳಿಗೂ ಅದೇ ಆರು ಅಕ್ಷರ ಬಂದಿತ್ತು. ಪಿಗ್ಮಿ ಪುಸ್ತಕ, ರಸೀದಿಯ ಕೌಂಟರ್‌ಫಾಯಿಲ್ ಮುಂದಿಟ್ಟುಕೊಂಡು ಮೂವರು 19 ದಿನ ಕೂತು ಎಲ್ಲವನ್ನೂ ಮತ್ತೆ ಎಂಟ್ರಿ ಮಾಡಿದರು.

ಆ ಮೇಡಂ ತಪ್ಪೇನೂ ಮಾಡಿರಲಿಲ್ಲ. ಹಾರ್ಡ್‌ಡಿಸ್ಕ್ ಕಿತ್ತಿಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. 5ರಿಂದ 30 ಸಿಸ್ಟಮ್ ಇರುವ ಕಚೇರಿಗೆ ಇದು ಸರಿಹೊಂದುತ್ತದೆ. ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ಒಂದೇ ದಿನ ಮುಗಿಸಬೇಕಾಗಿಲ್ಲ. ಮೊದಲ ನಾಲ್ಕು ಹಂತ ಈ ವಾರ ಆಗಲಿ, ಉಳಿದದ್ದು ಈ ತಿಂಗಳಲ್ಲಿ ಆಗಲಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಒಂದು ನೋಟ್‌ಬುಕ್, ಸ್ಟಿಕ್ಕರ್ ಹಾಳೆ, ಮಾರ್ಕರ್. ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ರೌಟರ್‌ನ ಅಡ್ಮಿನ್ ಪಾಸ್‌ವರ್ಡ್. ಇದು ನಿಮ್ಮ ಹತ್ತಿರ ಇಲ್ಲದಿದ್ದರೆ ಇಂಟರ್‌ನೆಟ್ ಕೊಟ್ಟವರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಸರ್ವರ್‌ಗೆ ಮತ್ತು ರೌಟರ್‌ಗೆ ಒಂದು ಯುಪಿಎಸ್ ಬೇಕು. ಬ್ಯಾಕಪ್ ಅಥವಾ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಫೈಲ್ ಕೆಡುತ್ತದೆ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ.

ಇನ್ನೊಂದು ಮುಖ್ಯ. ಕಚೇರಿಯಿಂದ ಒಬ್ಬರು ಇದರ ಹೊಣೆ ಹೊರಬೇಕು. ಅವರಿಗೆ ಕಂಪ್ಯೂಟರ್ ಜಾಸ್ತಿ ಗೊತ್ತಿರಬೇಕು ಅಂತೇನಿಲ್ಲ. ಶಿಸ್ತಾಗಿ ಬರೆದಿಡುವವರಾದರೆ ಸಾಕು.

ಹಂತ 1: ಏನೇನಿದೆ ಅಂತ ಎಣಿಸಿ

ನೆಟ್‌ವರ್ಕ್‌ಗೆ ಸೇರಿದ ಪ್ರತಿಯೊಂದನ್ನೂ ಬರೆದುಕೊಳ್ಳಿ. ಸಿಸ್ಟಮ್, ಲ್ಯಾಪ್‌ಟಾಪ್, ಪ್ರಿಂಟರ್, ಸಿಸಿ ಕ್ಯಾಮೆರಾದ ಡಿವಿಆರ್ (ರೆಕಾರ್ಡಿಂಗ್ ಪೆಟ್ಟಿಗೆ), ಬಯೋಮೆಟ್ರಿಕ್ ಹಾಜರಾತಿ ಯಂತ್ರ, ಸ್ಮಾರ್ಟ್ ಟಿವಿ, ವೈಫೈಗೆ ಸೇರಿದ ಮೊಬೈಲ್‌ಗಳು. ಪ್ರತಿಯೊಂದಕ್ಕೂ ನಂಬರ್ ಹಾಕಿ ಸ್ಟಿಕ್ಕರ್ ಅಂಟಿಸಿ. ನೋಟ್‌ಬುಕ್‌ನಲ್ಲಿ ಆ ನಂಬರ್ ಮುಂದೆ ಯಾರು ಬಳಸುತ್ತಾರೆ, ಯಾವ ವಿಂಡೋಸ್ ಇದೆ, ಏನು ಕೆಲಸ ನಡೆಯುತ್ತದೆ ಅಂತ ಬರೆಯಿರಿ.

ಆಮೇಲೆ ಬ್ರೌಸರ್‌ನಲ್ಲಿ ರೌಟರ್‌ನ ಪುಟ ತೆರೆಯಿರಿ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ, ರೌಟರ್ ಕೆಳಗಿನ ಲೇಬಲ್‌ನಲ್ಲಿ ಬರೆದಿರುತ್ತದೆ. ಅಲ್ಲಿ ಈಗ ಸೇರಿಕೊಂಡಿರುವ ಸಾಧನಗಳ ಪಟ್ಟಿ ಸಿಗುತ್ತದೆ. ಅದನ್ನು ನಿಮ್ಮ ನೋಟ್‌ಬುಕ್ ಜೊತೆ ಹೋಲಿಸಿ.

ಎರಡೂ ಪಟ್ಟಿ ಮೊದಲ ಸಲಕ್ಕೆ ತಾಳೆಯಾಗಿದ್ದನ್ನು ನಾನು ನೋಡೇ ಇಲ್ಲ. ಪಕ್ಕದ ಅಂಗಡಿಯವರ ಫೋನ್ ಇರುತ್ತದೆ. ಕೆಲಸ ಬಿಟ್ಟು ಹೋದವರ ಲ್ಯಾಪ್‌ಟಾಪ್ ಇರುತ್ತದೆ. ಹಳೆಯ ಸ್ಟೋರ್ ರೂಮಿನಲ್ಲಿ ಆನ್ ಆಗೇ ಇರುವ ಒಂದು ಸಿಸ್ಟಮ್ ಇರುತ್ತದೆ. ಯಾರದ್ದು ಅಂತ ಗೊತ್ತಾಗದ ಸಾಧನವನ್ನು ಬ್ಲಾಕ್ ಮಾಡಿ. ಯಾರದ್ದೋ ಆಗಿದ್ದರೆ ಅವರೇ ಬಂದು ಕೇಳುತ್ತಾರೆ.

ಹಂತ 2: ಬ್ಯಾಕಪ್ ಮಾಡಿ, ಕಿತ್ತಿಡಿ, ತೆರೆದು ನೋಡಿ

ಎಣಿಸಿದ ಕೂಡಲೇ, ಉಳಿದೆಲ್ಲದಕ್ಕಿಂತ ಮೊದಲು ಇದನ್ನು ಯಾಕೆ ಮಾಡಬೇಕು ಅಂದರೆ, ಮುಂದಿನ ಹಂತಗಳಲ್ಲಿ ನೀವು ಸೆಟ್ಟಿಂಗ್‌ಗಳನ್ನು ಬದಲಿಸುತ್ತೀರಿ, ಅಪ್‌ಡೇಟ್ ಹಾಕುತ್ತೀರಿ. ಆಗ ಏನಾದರೂ ಎಡವಟ್ಟಾದರೂ ಡೇಟಾ ನಿಮ್ಮ ಕೈಯಲ್ಲಿರಬೇಕು, ಅಲ್ವಾ?

ನಿಯಮ ಸರಳ. ಡೇಟಾದ ಮೂರು ಪ್ರತಿಗಳು ಇರಬೇಕು. ಅವು ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿರಬೇಕು. ಅದರಲ್ಲಿ ಒಂದು ಕಚೇರಿಯಿಂದ ಹೊರಗಿರಬೇಕು. ಸಣ್ಣ ಕಚೇರಿಗೆ ನಾನು ಹೇಳುವ ಏರ್ಪಾಡು ಹೀಗಿದೆ: ಎರಡು ಹಾರ್ಡ್‌ಡಿಸ್ಕ್‌ಗೆ ‘ಸೋಮವಾರ’, ‘ಗುರುವಾರ’ ಅಂತ ಬರೆಯಿರಿ. ಸೋಮವಾರದ ಡಿಸ್ಕನ್ನು ಸೋಮವಾರ ಸಂಜೆ ಮಾತ್ರ ಚುಚ್ಚಿ. ಬ್ಯಾಕಪ್ ಮುಗಿದ ಕೂಡಲೇ ಕಿತ್ತು ಬೀರುವಿನಲ್ಲಿ ಇಡಿ. ಗುರುವಾರದ ಡಿಸ್ಕನ್ನು ಮಾಲೀಕರು ಅಥವಾ ಕಾರ್ಯದರ್ಶಿ ಮನೆಗೆ ಒಯ್ಯಲಿ. ಎರಡೂ ಒಟ್ಟಿಗೆ ಯಾವತ್ತೂ ಸಿಸ್ಟಮ್‌ಗೆ ಸೇರಬಾರದು. ದಿನದಿನದ ಬ್ಯಾಕಪ್‌ಗೆ ಕ್ಲೌಡ್ (ಇಂಟರ್‌ನೆಟ್ ಮೇಲಿನ ಸಂಗ್ರಹ) ಬಳಸಿ.

ಮನೆಗೆ ಹೋಗುವ ಡಿಸ್ಕ್ ದಾರಿಯಲ್ಲಿ ಕಳೆದುಹೋಗಬಹುದು. ಆದ್ದರಿಂದ ವಿಂಡೋಸ್ ಪ್ರೊನಲ್ಲಿರುವ ಬಿಟ್‌ಲಾಕರ್ ಬಳಸಿ ಅದಕ್ಕೆ ಬೀಗ ಹಾಕಿ. ಆಗ ಸಿಗುವ ರಿಕವರಿ ಕೀಯನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ಬೀರುವಿನಲ್ಲಿಡಿ. ಆ ಕೀ ಕಳೆದರೆ ಡಿಸ್ಕನ್ನು ನೀವೇ ತೆರೆಯಲಾಗುವುದಿಲ್ಲ.

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾಗೆ ಟ್ಯಾಲಿಯದ್ದೇ ಬ್ಯಾಕಪ್ ಬಳಸಿ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒಟ್ಟಿಗೆ ಒತ್ತಿದರೆ ಬ್ಯಾಕಪ್, ರಿಸ್ಟೋರ್ ಎರಡೂ ಕಾಣುತ್ತವೆ. ಬೇರೆ ಸಿಸ್ಟಮ್‌ನವರು ಎಂಟ್ರಿ ಮಾಡುತ್ತಿರುವಾಗಲೇ ಡೇಟಾ ಫೋಲ್ಡರನ್ನು ಸುಮ್ನೆ ಕಾಪಿ ಮಾಡಿದರೆ ಅರ್ಧಂಬರ್ಧ ಪ್ರತಿ ಬರಬಹುದು. ಎಲ್ಲರೂ ಟ್ಯಾಲಿಯಲ್ಲಿ ತೆರೆದ ಕಂಪನಿ ಮುಚ್ಚಿದ ಮೇಲೆ ಬ್ಯಾಕಪ್ ತೆಗೆಯಿರಿ.

ಈಗ ಯಾರೂ ಮಾಡದ ಕೆಲಸ: ತೆರೆದು ನೋಡುವುದು. ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಬೇರೆ ಒಂದು ಸಿಸ್ಟಮ್‌ಗೆ ಹಾಕಿ. ಡೇಟಾವನ್ನು ಹೊಸದೊಂದು ಫೋಲ್ಡರ್‌ಗೆ ರಿಸ್ಟೋರ್ ಮಾಡಿ. ಈಗಿನ ಡೇಟಾ ಇರುವ ಫೋಲ್ಡರ್‌ಗೇ ರಿಸ್ಟೋರ್ ಕೊಟ್ಟರೆ ಹಳೆಯದು ಹೊಸದರ ಮೇಲೆ ಕೂತು ವಾರದ ಎಂಟ್ರಿಯೆಲ್ಲ ಹೋಗುತ್ತದೆ. ಇದು ನನ್ನ ಕಣ್ಣೆದುರೇ ಆಗಿದೆ. ರಿಸ್ಟೋರ್ ಆದ ಮೇಲೆ ಕಳೆದ ವಾರದ ಯಾವುದಾದರೂ ಒಂದು ಬಿಲ್ ಕೈಯಲ್ಲಿ ಹಿಡಿದು ಅದರ ನಂಬರ್ ಹುಡುಕಿ. ಮೊತ್ತ ತಾಳೆಯಾದರೆ ಬ್ಯಾಕಪ್ ಇದೆ ಅಂತ ಅರ್ಥ. ಅಲ್ಲಿವರೆಗೆ ನಿಮ್ಮ ಹತ್ತಿರ ಇರುವುದು ಬರೀ ಹಾರ್ಡ್‌ಡಿಸ್ಕ್.

ಇಲ್ಲಿ ಆಗುವ ತಪ್ಪುಗಳು: ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಸಿಂಕ್ ಆನ್ ಇದೆ, ಅದೇ ಬ್ಯಾಕಪ್ ಅಂದುಕೊಳ್ಳುವುದು. ಸಿಂಕ್ ಅಂದರೆ ಎರಡೂ ಕಡೆ ಒಂದೇ ಥರ ಇಡುವುದು, ಅದು ಬೇರೆ, ಬ್ಯಾಕಪ್ ಬೇರೆ. ಸಿಸ್ಟಮ್‌ನಲ್ಲಿ ಕೆಟ್ಟ ಫೈಲ್ ಕೆಟ್ಟ ರೂಪದಲ್ಲೇ ಮೇಲಕ್ಕೂ ಹೋಗುತ್ತದೆ. ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಇದೆಯಾ, ಎಷ್ಟು ದಿನಕ್ಕೆ ಅಂತ ನೋಡಿಕೊಳ್ಳಿ. ಇನ್ನೊಂದು, ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಕಾಪಿ ಮಾಡುವುದು. ಎರಡೂ ಇರುವುದು ಸಾಮಾನ್ಯವಾಗಿ ಒಂದೇ ಡಿಸ್ಕ್‌ನಲ್ಲಿ.

ಹಂತ 3: ರೌಟರ್ ಸರಿ ಮಾಡಿ

ಹೊರಗಿನವರು ಮೊದಲು ತಟ್ಟುವ ಬಾಗಿಲು ಇದು. ಆದರೆ ಹಾಕಿಸಿದ ದಿನದಿಂದ ಯಾರೂ ಇದರತ್ತ ನೋಡಿರುವುದಿಲ್ಲ. ರೌಟರ್ ಪುಟದೊಳಗೆ ಹೋಗಿ ಒಂದೊಂದಾಗಿ ಹೀಗೆ ಮಾಡಿ.

ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಬೇರೆ. ಎಷ್ಟೋ ಜನ ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ‘ಅಡ್ಮಿನ್, ಅಡ್ಮಿನ್’ ಅಂತಲೇ ಬಿಟ್ಟಿರುತ್ತಾರೆ.

ಡಬ್ಲ್ಯುಪಿಎಸ್ (ಬಟನ್ ಒತ್ತಿ ಅಥವಾ ಪಿನ್ ಹಾಕಿ ವೈಫೈ ಸೇರುವ ಸೌಲಭ್ಯ) ಆಫ್ ಮಾಡಿ. ಯುಪಿಎನ್‌ಪಿ (ಒಳಗಿನ ಸಾಧನಗಳು ತಾವಾಗಿ ಹೊರಗಿನ ದಾರಿ ತೆರೆಯುವ ಸೌಲಭ್ಯ) ಆಫ್ ಮಾಡಿ. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೌಟರ್ ಪುಟ ತೆರೆಯುವುದು) ಆಫ್ ಮಾಡಿ. ವೈಫೈ ಸೆಕ್ಯುರಿಟಿ ಡಬ್ಲ್ಯುಪಿಎ3 ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಡಬ್ಲ್ಯುಪಿಎ2 ಜೊತೆ ಎಇಎಸ್ ಹಾಕಿ. ರೌಟರ್‌ಗೆ ಹೊಸ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಬಂದಿದ್ದರೆ ಅದನ್ನೂ ಹಾಕಿ.

ಈಗ ‘ಪೋರ್ಟ್ ಫಾರ್ವರ್ಡಿಂಗ್’ ಅನ್ನುವ ಪುಟ ತೆರೆಯಿರಿ. ಕೆಲವು ರೌಟರ್‌ನಲ್ಲಿ ಇದನ್ನೇ ‘ವರ್ಚುವಲ್ ಸರ್ವರ್’ ಅನ್ನುತ್ತಾರೆ. ಅಲ್ಲಿರುವ ಪ್ರತಿಯೊಂದು ಸಾಲೂ ಹೊರಗಿನ ಪ್ರಪಂಚದಿಂದ ನಿಮ್ಮ ಕಚೇರಿಯೊಳಗೆ ತೆರೆದ ಒಂದೊಂದು ಕಿಂಡಿ. ನೀವಾಗಿ ಕೇಳಿ ಹಾಕಿಸದ ಸಾಲು ಇದ್ದರೆ ಅಳಿಸಿ. ಅಳಿಸುವ ಮೊದಲು ಆ ಪುಟದ ಒಂದು ಫೋಟೋ ತೆಗೆದಿಡಿ, ಏನಾದರೂ ನಿಂತುಹೋದರೆ ಯಾಕೆ ಅಂತ ಗೊತ್ತಾಗುತ್ತದೆ.

ಹೆಚ್ಚಿನ ಕಡೆ ಆ ಕಿಂಡಿ ತೆರೆದವರು ಸಿಸಿ ಕ್ಯಾಮೆರಾ ಹಾಕಿದವರು. ಮಾಲೀಕರು ಮನೆಯಿಂದಲೇ ಮೊಬೈಲ್‌ನಲ್ಲಿ ಅಂಗಡಿ ನೋಡಬೇಕು ಅಂದಿರುತ್ತಾರೆ, ಕ್ಯಾಮೆರಾದವರು ಸುಲಭದ ದಾರಿ ಹಿಡಿದಿರುತ್ತಾರೆ. ಡಿವಿಆರ್‌ನ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಇರುತ್ತದೆ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ಕೇಡು ಮಾಡುವ ಪ್ರೋಗ್ರಾಂ) ಹರಡಿದ್ದು ಇಂಥ ಕ್ಯಾಮೆರಾ, ಡಿವಿಆರ್, ರೌಟರ್‌ಗಳಲ್ಲೇ, ಕಾರ್ಖಾನೆ ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿ ಹಿಡಿದು. ಡಿವಿಆರ್ ಪಾಸ್‌ವರ್ಡ್ ಇವತ್ತೇ ಬದಲಿಸಿ. ಪೋರ್ಟ್ ಮುಚ್ಚಿಸಿ, ತಯಾರಕರ ಆ್ಯಪ್ ಮೂಲಕ ನೋಡುವಂತೆ ಮಾಡಿಸಿಕೊಳ್ಳಿ.

ಎಚ್ಚರಿಕೆಯ ಗುರುತು: ನೀವು ಬದಲಿಸದಿದ್ದರೂ ರೌಟರ್‌ನ ಡಿಎನ್‌ಎಸ್ ವಿಳಾಸ (ವೆಬ್‌ಸೈಟ್ ಹೆಸರಿಗೆ ದಾರಿ ಹುಡುಕಿಕೊಡುವ ಸರ್ವರ್‌ನದು) ಬದಲಾಗಿದ್ದರೆ, ಅಡ್ಮಿನ್ ಪಾಸ್‌ವರ್ಡ್ ಇದ್ದಕ್ಕಿದ್ದಂತೆ ಕೆಲಸ ಮಾಡದಿದ್ದರೆ ಯಾರೋ ಒಳಗೆ ಬಂದಿರಬಹುದು. ರೌಟರನ್ನು ರೀಸೆಟ್ ಮಾಡಿ ಮೊದಲಿಂದ ಸೆಟ್ ಮಾಡಿ.

ಹಂತ 4: ಮನೆಯಿಂದ ಕಚೇರಿ ಸಿಸ್ಟಮ್ ನೋಡುವ ದಾರಿಗಳು

ಆಡಿಟರ್ ತಮ್ಮ ಆಫೀಸಿನಿಂದಲೇ ಟ್ಯಾಲಿ ನೋಡಬೇಕು ಅನ್ನುತ್ತಾರೆ. ಯಾರೋ ಬಂದು ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಸಿಸ್ಟಮ್ ಬಳಸುವ ವಿಂಡೋಸ್ ಸೌಲಭ್ಯ) ಆನ್ ಮಾಡಿ, ರೌಟರ್‌ನಲ್ಲಿ ಅದರ 3389 ಪೋರ್ಟ್ ತೆರೆದು ಹೋಗುತ್ತಾರೆ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್‌ನವರು ಒಳಗೆ ಬರುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಮೇಲೆ ಹೇಳಿದ ಸಂಘದಲ್ಲೂ ಆಗಿದ್ದು ಇದೇ. ಪೋರ್ಟ್ ನಂಬರನ್ನು 3390 ಅಂತ ಬದಲಿಸಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಸಾಕಾಗುವುದಿಲ್ಲ. ದಾಳಿ ಮಾಡುವವರ ಪ್ರೋಗ್ರಾಂಗಳು ಹಗಲೂ ರಾತ್ರಿ ಎಲ್ಲ ಪೋರ್ಟ್‌ಗಳನ್ನೂ ತಟ್ಟಿ ನೋಡುತ್ತಲೇ ಇರುತ್ತವೆ.

ಆ ಪೋರ್ಟ್ ಮುಚ್ಚಿ. ಹೊರಗಿನಿಂದ ಕೆಲಸ ಮಾಡಲೇಬೇಕಾದರೆ ವಿಪಿಎನ್ (ಹೊರಗಿನಿಂದ ಕಚೇರಿಗೆ ಬೀಗ ಹಾಕಿದ ಖಾಸಗಿ ದಾರಿ) ಹಾಕಿಸಿ, ಅದಕ್ಕೆ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆ ಫೋನ್‌ನ ಕೋಡ್ ಥರದ್ದನ್ನೂ ಕೇಳುವುದು) ಇಡಿ.

ದೂರದಿಂದ ಸಿಸ್ಟಮ್ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್ ಥರದವು ಪ್ರತಿ ಸಿಸ್ಟಮ್‌ನಲ್ಲೂ ಇವೆಯಾ ನೋಡಿ. ಪ್ರಿಂಟರ್ ರಿಪೇರಿಗೆ, ಸಾಫ್ಟ್‌ವೇರ್ ಹಾಕಲು ಯಾರೋ ಹಾಕಿ ಬಿಟ್ಟಿರುತ್ತಾರೆ. ನಾವು ಇಲ್ಲದಾಗಲೂ ಒಳಗೆ ಬರಲು ಒಂದು ಖಾಯಂ ಪಾಸ್‌ವರ್ಡ್ ಇಟ್ಟಿರುವುದೂ ಉಂಟು. ಬೇಡದ್ದನ್ನು ತೆಗೆದುಹಾಕಿ. ಬೇಕಾದ ಕಡೆ ಆ ಖಾಯಂ ಪಾಸ್‌ವರ್ಡ್ ಅಳಿಸಿ. ಇನ್ನು ಮುಂದೆ ಯಾರು ಬೇಕಾದರೂ ಬರಲಿ, ಇಲ್ಲಿ ಕೂತವರು ಸ್ಕ್ರೀನ್ ಮೇಲೆ ಒಪ್ಪಿಗೆ ಕೊಟ್ಟರೆ ಮಾತ್ರ ಬರುವಂತಿರಲಿ. ಆ ಹೊತ್ತಿನಲ್ಲಿ ನೆಟ್ ಬ್ಯಾಂಕಿಂಗ್ ತೆರೆದಿರಬಾರದು.

ಹಂತ 5: ಒಬ್ಬರಿಗೆ ಒಂದು ಲಾಗಿನ್

ನಾಲ್ಕು ಜನ ಒಂದೇ ‘ಆಫೀಸ್’ ಅನ್ನುವ ಲಾಗಿನ್ ಬಳಸುತ್ತಿದ್ದರೆ ಯಾರು ಏನು ಮಾಡಿದರು ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಪ್ರತಿಯೊಬ್ಬರಿಗೂ ಅವರದ್ದೇ ಲಾಗಿನ್ ಮಾಡಿ. ಅದು ವಿಂಡೋಸ್‌ನಲ್ಲಿ ‘ಸ್ಟ್ಯಾಂಡರ್ಡ್’ ಬಳಕೆದಾರ ಆಗಿರಲಿ, ‘ಅಡ್ಮಿನಿಸ್ಟ್ರೇಟರ್’ ಬೇಡ. ಹೊಸ ಸಾಫ್ಟ್‌ವೇರ್ ಹಾಕಲು ಬೇರೆಯೇ ಒಂದು ಅಡ್ಮಿನ್ ಲಾಗಿನ್ ಇಟ್ಟು, ಅದರ ಪಾಸ್‌ವರ್ಡ್ ಹೊಣೆ ಹೊತ್ತವರ ಹತ್ತಿರ ಮಾತ್ರ ಇರಲಿ. ಮಾಲೀಕರ ಸಿಸ್ಟಮ್‌ಗೂ ಇದೇ ನಿಯಮ. ನಾನು ಹೋದ ಕಡೆಯೆಲ್ಲ ಮಾಲೀಕರೇ ಇದಕ್ಕೆ ಕೊನೆಗೆ ಒಪ್ಪುವುದು. ಆದರೆ ಮಾಲೀಕರ ಸಿಸ್ಟಮ್‌ನಲ್ಲೇ ಜಾಸ್ತಿ ಮುಖ್ಯವಾದದ್ದು ಇರುತ್ತದೆ.

ಪಾಸ್‌ವರ್ಡ್ ಉದ್ದ ಇರಬೇಕು. ಊರು, ಇಸವಿ, ಮಗಳ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ನಡುವೆ ಒಂದೆರಡು ಅಂಕಿ ಸೇರಿಸಿ. ರಾಗಿ, ಏಣಿ, ಗುಡುಗು, ಬೀಗ ಅನ್ನುವ ಹಾಗೆ. ಇದನ್ನೇ ಇಡಬೇಡಿ, ನಿಮ್ಮದೇ ಮಾಡಿಕೊಳ್ಳಿ. ಒಂದು ಕಡೆ ಬಳಸಿದ್ದನ್ನು ಇನ್ನೊಂದು ಕಡೆ ಬಳಸಬೇಡಿ. ನೆನಪಿರುವುದಿಲ್ಲ ಅಂದರೆ ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ನೆನಪಿಡುವ ಆ್ಯಪ್) ಬಳಸಿ. ಅದೂ ಆಗದಿದ್ದರೆ ನೋಟ್‌ಬುಕ್‌ನಲ್ಲಿ ಬರೆದು ಬೀರುವಿಗೆ ಬೀಗ ಹಾಕಿ. ಮಾನಿಟರ್‌ಗೆ ಅಂಟಿಸುವುದು, ಕೀಬೋರ್ಡ್ ಕೆಳಗೆ ಇಡುವುದು ಬೇಡ.

ಕಚೇರಿಯ ಇಮೇಲ್‌ಗೆ ಎರಡು ಹಂತದ ಲಾಗಿನ್ ಮೊದಲು ಹಾಕಿ. ಬ್ಯಾಂಕ್, ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಎಲ್ಲದರ ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಆ ಮೇಲ್‌ಗೇ. ಆ ಮೇಲ್ ಯಾರ ಕೈಯಲ್ಲಿದೆಯೋ ಕಚೇರಿ ಅವರ ಕೈಯಲ್ಲಿದೆ.

ಈಗ ಒಂದು ಕೆಲಸ ತಪ್ಪದೆ ಮಾಡಿ. ಆ ಇಮೇಲ್‌ನ ರಿಕವರಿ ಮೊಬೈಲ್ ನಂಬರ್ ಯಾರದ್ದು ಅಂತ ನೋಡಿ. ಕಚೇರಿಯ ವೆಬ್‌ಸೈಟ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ನೋಡಿ. ಎಷ್ಟೋ ಕಡೆ ಅದು ಐದು ವರ್ಷದ ಹಿಂದೆ ಮಾಡಿಕೊಟ್ಟ ಹುಡುಗನ ನಂಬರ್, ಅಥವಾ ಕೆಲಸ ಬಿಟ್ಟವರ ನಂಬರ್. ಅವರು ಒಳ್ಳೆಯವರೇ ಇರಬಹುದು. ಆದರೂ ಇವತ್ತೇ ಬದಲಿಸಿ.

ಡಿಎಸ್‌ಸಿ ಟೋಕನ್, ಅಂದರೆ ಡಿಜಿಟಲ್ ಸಹಿಯ ಟೋಕನ್ ಬಗ್ಗೆಯೂ ಹೇಳಬೇಕು. ಟೆಂಡರ್, ರಿಟರ್ನ್‌ಗೆ ಸಹಿ ಹಾಕುವ ಆ ಯುಎಸ್‌ಬಿ ಟೋಕನ್ ದಿನವಿಡೀ ಸಿಸ್ಟಮ್‌ನಲ್ಲೇ ಚುಚ್ಚಿರುತ್ತದೆ. ಬರುವಾಗ ಇದ್ದ ಪಿನ್ ಬದಲಿಸಿರುವುದಿಲ್ಲ. ಸಹಿ ಮಾಡಿದ ಚೆಕ್‌ಬುಕ್ಕನ್ನು ಟೇಬಲ್ ಮೇಲೆ ಬಿಟ್ಟು ಹೋಗುತ್ತೀರಾ? ಪಿನ್ ಬದಲಿಸಿ, ಕೆಲಸವಾದ ಮೇಲೆ ಕಿತ್ತು ಬೀರುವಿಗೆ ಹಾಕಿ.

ಯಾರಾದರೂ ಕೆಲಸ ಬಿಟ್ಟ ದಿನ ಸಂಜೆಯೊಳಗೆ ಅವರ ಲಾಗಿನ್ ಮುಚ್ಚಿ, ವೈಫೈ ಪಾಸ್‌ವರ್ಡ್ ಬದಲಿಸಿ, ಕಚೇರಿ ಫೋನ್‌ನ ವಾಟ್ಸಾಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಹಳೆಯದನ್ನೆಲ್ಲ ಲಾಗ್‌ಔಟ್ ಮಾಡಿ.

ಹಂತ 6: ಅಪ್‌ಡೇಟ್, ಆಂಟಿವೈರಸ್, ಕ್ರ್ಯಾಕ್ ಸಾಫ್ಟ್‌ವೇರ್

ವಿಂಡೋಸ್ ಅಪ್‌ಡೇಟ್ ಆನ್ ಇರಲಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ರಾನ್ಸಮ್‌ವೇರ್ ಹರಡಿದಾಗ ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಎರಡು ತಿಂಗಳು ಅಪ್‌ಡೇಟ್ ಹಾಕದೆ ಇದ್ದವರು ಸಿಕ್ಕಿಬಿದ್ದರು.

ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮಾಮೂಲಿ ಬೆಂಬಲ ನಿಂತಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 10ಕ್ಕೆ ಇನ್ನಷ್ಟು ಕಾಲ ಹೆಚ್ಚುವರಿ ಅಪ್‌ಡೇಟ್ ಪಡೆಯುವ ವ್ಯವಸ್ಥೆ ಇದೆ, ಕಚೇರಿಗಳು ಅದಕ್ಕೆ ದುಡ್ಡು ಕಟ್ಟಬೇಕು. ಎಲ್ಲ ಸಿಸ್ಟಮ್ ಒಟ್ಟಿಗೆ ಬದಲಿಸಲು ಆಗದಿದ್ದರೆ ಮೊದಲು ನೆಟ್ ಬ್ಯಾಂಕಿಂಗ್ ಮಾಡುವ ಸಿಸ್ಟಮ್ ಬದಲಿಸಿ, ಆಮೇಲೆ ಸರ್ವರ್. ತೂಕದ ಯಂತ್ರಕ್ಕೆ, ಹಳೆಯ ಲ್ಯಾಬ್ ಯಂತ್ರಕ್ಕೆ ಸೇರಿದ ಹಳೆಯ ಸಿಸ್ಟಮ್ ಬಿಡಲಾಗದಿದ್ದರೆ ಅದಕ್ಕೆ ಇಂಟರ್‌ನೆಟ್ ಕೊಡಬೇಡಿ.

ಆಂಟಿವೈರಸ್ ಒಂದೇ ಇರಲಿ. ಎರಡು ಹಾಕಿದರೆ ಒಂದಕ್ಕೊಂದು ಅಡ್ಡ ಬರುತ್ತವೆ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಸರಿಯಾಗಿ ಆನ್ ಇದ್ದರೆ ಸಣ್ಣ ಕಚೇರಿಗೆ ಒಳ್ಳೆಯ ಶುರು. ಅದರಲ್ಲಿ ‘ಟ್ಯಾಂಪರ್ ಪ್ರೊಟೆಕ್ಷನ್’ (ಡಿಫೆಂಡರನ್ನು ಬೇರೆ ಪ್ರೋಗ್ರಾಂ ಆಫ್ ಮಾಡದಂತೆ ತಡೆಯುವುದು) ಆನ್ ಇರಬೇಕು. ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ (ಗೊತ್ತಿಲ್ಲದ ಪ್ರೋಗ್ರಾಂ ಫೋಲ್ಡರ್ ಬದಲಿಸದಂತೆ ತಡೆಯುವುದು) ಕೂಡ ಆನ್ ಮಾಡಿ, ಟ್ಯಾಲಿ ಡೇಟಾ ಫೋಲ್ಡರನ್ನು ಅದಕ್ಕೆ ಸೇರಿಸಿ. ಅವತ್ತು ಟ್ಯಾಲಿಯಲ್ಲಿ ಎಂಟ್ರಿ ಸೇವ್ ಆಗದಿದ್ದರೆ ಗಾಬರಿ ಬೇಡ. ಟ್ಯಾಲಿಯನ್ನು ಅನುಮತಿ ಕೊಟ್ಟ ಪ್ರೋಗ್ರಾಂಗಳ ಪಟ್ಟಿಗೆ ಸೇರಿಸಿದರೆ ಸರಿಹೋಗುತ್ತದೆ.

ಕ್ರ್ಯಾಕ್ ಸಾಫ್ಟ್‌ವೇರ್, ಅಂದರೆ ದುಡ್ಡು ಕೊಡದೆ ಲೈಸೆನ್ಸ್ ಮುರಿದು ಹಾಕಿದ್ದನ್ನು ತೆಗೆದುಹಾಕಿ. ಅದರ ಜೊತೆ ಬರುವ ‘ಆಕ್ಟಿವೇಟರ್’ ಮೊದಲು ಆಂಟಿವೈರಸ್ ಆಫ್ ಮಾಡಿ ಅನ್ನುತ್ತದೆ, ಅಲ್ವಾ? ಅಲ್ಲೇ ಗೊತ್ತಾಗಬೇಕು. ದುಡ್ಡಿನ ಕಷ್ಟ ನನಗೆ ಅರ್ಥವಾಗುತ್ತದೆ. ಆಫೀಸ್ ಸಾಫ್ಟ್‌ವೇರ್ ಕೊಳ್ಳಲಾಗದಿದ್ದರೆ ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತದೆ, ಪತ್ರ, ಪಟ್ಟಿ ಮಾಡಲು ಸಾಕು. ನುಡಿ ತಂತ್ರಾಂಶವನ್ನೂ ಸಿಕ್ಕ ಸಿಕ್ಕ ಡೌನ್‌ಲೋಡ್ ತಾಣದಿಂದ ಇಳಿಸಬೇಡಿ. ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ಇಳಿಸಿಕೊಳ್ಳಿ.

ಹಂತ 7: ಎಲ್ಲವನ್ನೂ ಒಂದೇ ನೆಟ್‌ವರ್ಕ್‌ನಲ್ಲಿ ಕೂಡಿಹಾಕಬೇಡಿ

ಗ್ರಾಹಕರ ಮೊಬೈಲ್, ಕ್ಯಾಮೆರಾ, ಟಿವಿ ಇವು ಲೆಕ್ಕದ ಸಿಸ್ಟಮ್ ಇರುವ ನೆಟ್‌ವರ್ಕ್‌ನಲ್ಲಿ ಇರಬಾರದು. ಫೋನ್‌ಗಳಿಗೆ ರೌಟರ್‌ನ ‘ಗೆಸ್ಟ್ ವೈಫೈ’ ಸಾಕು. ಕೇಬಲ್‌ನಲ್ಲಿರುವ ಡಿವಿಆರ್‌ಗೆ ಅದು ಆಗುವುದಿಲ್ಲ. ದುಡ್ಡಿದ್ದರೆ ಮ್ಯಾನೇಜ್ಡ್ ಸ್ವಿಚ್ (ಕೇಬಲ್‌ಗಳೆಲ್ಲ ಸೇರುವ, ಸೆಟ್ಟಿಂಗ್ ಮಾಡಬಹುದಾದ ಪೆಟ್ಟಿಗೆ) ಹಾಕಿಸಿ ವಿಲ್ಯಾನ್ ಮಾಡಿಸಿ, ಅಂದರೆ ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡಿಸಿ. ಇಲ್ಲದಿದ್ದರೆ ಎರಡನೇ ರೌಟರ್ ಒಂದನ್ನು ಮೊದಲನೆಯದರ ಹಿಂದೆ ಹಾಕಿ.

ಇಲ್ಲಿ ಬಹಳ ಜನ ಉಲ್ಟಾ ಮಾಡುತ್ತಾರೆ. ಹೊಸ ರೌಟರನ್ನು ಗ್ರಾಹಕರಿಗೆ, ಕ್ಯಾಮೆರಾಕ್ಕೆ ಕೊಟ್ಟು ಕಚೇರಿಯನ್ನು ಹಳೆಯದರಲ್ಲೇ ಬಿಡುತ್ತಾರೆ. ಒಳಗಿನ ರೌಟರ್‌ನಲ್ಲಿ ಇರುವವರು ಹೊರಗಿನ ರೌಟರ್‌ನ ಸಾಧನಗಳನ್ನು ಮುಟ್ಟಬಹುದು. ಹೊರಗಿನವರು ಒಳಗಿನದನ್ನು ಮುಟ್ಟಲಾಗುವುದಿಲ್ಲ. ಆದ್ದರಿಂದ ಕಚೇರಿಯ ಸಿಸ್ಟಮ್‌ಗಳೇ ಒಳಗಿನ ರೌಟರ್‌ನಲ್ಲಿರಬೇಕು. ಗ್ರಾಹಕರು, ಕ್ಯಾಮೆರಾ ಹೊರಗಿನದರಲ್ಲಿರಲಿ. ಮನೆಯಲ್ಲಿ ಬಂದವರು ಪಡಸಾಲೆಯಲ್ಲಿ ಕೂರುತ್ತಾರೆ, ಪೆಟ್ಟಿಗೆ ಒಳಕೋಣೆಯಲ್ಲಿರುತ್ತದೆ, ಹಾಗೆ. ಎರಡೂ ರೌಟರ್‌ನ ವಿಳಾಸದ ಸಾಲು ಬೇರೆ ಇರಬೇಕು. ಒಂದರಲ್ಲಿ 192.168.1 ಇದ್ದರೆ ಇನ್ನೊಂದರಲ್ಲಿ 192.168.10 ಇಡಿ.

ಶೇರ್ ಮಾಡಿದ ಫೋಲ್ಡರ್‌ಗಳನ್ನೂ ನೋಡಿ. ‘ಎವ್ರಿಒನ್, ಫುಲ್ ಕಂಟ್ರೋಲ್’ ಅಂತ ಇದ್ದರೆ ಒಂದು ಸಿಸ್ಟಮ್‌ಗೆ ಬಂದ ಕಾಟ ಎಲ್ಲದಕ್ಕೂ ಹರಡುತ್ತದೆ. ಯಾರಿಗೆ ಬೇಕೋ ಅವರ ಲಾಗಿನ್‌ಗೆ ಮಾತ್ರ ಕೊಡಿ. ಬರೀ ಓದುವವರಿಗೆ ಓದುವ ಅನುಮತಿ ಸಾಕು.

ಹಂತ 8: ಮೇಲ್, ವಾಟ್ಸಾಪ್, ದುಡ್ಡು

ಪ್ರತಿ ಸಿಸ್ಟಮ್‌ನಲ್ಲೂ ಫೈಲ್ ಎಕ್ಸ್‌ಪ್ಲೋರರ್ ತೆರೆದು, ‘ವ್ಯೂ’ದಲ್ಲಿ ಫೈಲ್ ಹೆಸರಿನ ಬಾಲ ಕಾಣುವಂತೆ ಆನ್ ಮಾಡಿ. ‘ಬಿಲ್ ಡಾಟ್ ಪಿಡಿಎಫ್’ ಅಂತ ಕಂಡದ್ದು ನಿಜವಾಗಿ ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ’ ಆಗಿರಬಹುದು. ಆಗ ಅದು ಬಿಲ್ ಅಲ್ಲ, ಪ್ರೋಗ್ರಾಂ. ಫೋನ್‌ನಲ್ಲಿ ಮದುವೆ ಆಮಂತ್ರಣ, ಟ್ರಾಫಿಕ್ ದಂಡ, ಬ್ಯಾಂಕ್ ಕೆವೈಸಿ ಹೆಸರಿನಲ್ಲಿ ಬರುವ ಎಪಿಕೆ ಫೈಲ್ (ಫೋನ್‌ಗೆ ಆ್ಯಪ್ ಹಾಕುವ ಫೈಲ್) ಯಾರೇ ಕಳಿಸಿದ್ದರೂ ಒತ್ತಬೇಡಿ. ಕಳಿಸಿದವರ ಫೋನ್ ಮೊದಲೇ ಕೈತಪ್ಪಿರಬಹುದು.

ದುಡ್ಡಿನ ವಿಷಯಕ್ಕೆ ಒಂದು ನಿಯಮ ಬರೆದು ಗೋಡೆಗೆ ಹಾಕಿ. ಸರಕು ಕೊಡುವವರು ‘ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೆ ಹಾಕಿ’ ಅಂತ ಮೇಲ್ ಅಥವಾ ಮೆಸೇಜ್ ಮಾಡಿದರೆ, ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರ್‌ಗೆ ಫೋನ್ ಮಾಡಿ ಕೇಳಿ. ಆ ಮೇಲ್‌ನಲ್ಲಿರುವ ನಂಬರ್‌ಗೆ ಮಾಡಬೇಡಿ. ಕೋಲಾರದ ಟೊಮೆಟೊ ಯಾರ್ಡ್ ಆಗಲಿ, ಶಿಡ್ಲಘಟ್ಟದ ರೇಷ್ಮೆ ವ್ಯಾಪಾರ ಆಗಲಿ, ಸೀಸನ್ ದಿನ ಒಂದರ ಹಿಂದೊಂದು ಪೇಮೆಂಟ್ ಹೋಗುತ್ತಿರುತ್ತದೆ, ಯಾರಿಗೂ ಪುರುಸೊತ್ತಿರುವುದಿಲ್ಲ. ಮೋಸ ಮಾಡುವವರು ಕಾಯುವುದೂ ಅದೇ ಹೊತ್ತಿಗೆ. ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ಹಾಕಿ ಇನ್ನೊಬ್ಬರು ಒಪ್ಪಿಗೆ ಕೊಡುವ ಸೌಲಭ್ಯ ನಿಮ್ಮ ಬ್ಯಾಂಕ್‌ನಲ್ಲಿದ್ದರೆ ಕೇಳಿ ಹಾಕಿಸಿಕೊಳ್ಳಿ.

ತಪ್ಪು ಲಿಂಕ್ ಒತ್ತಿದವರನ್ನು ಎಲ್ಲರ ಮುಂದೆ ಬೈಯಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಮುಚ್ಚಿಡುತ್ತಾರೆ. ಹತ್ತು ನಿಮಿಷದಲ್ಲಿ ಗೊತ್ತಾಗಬೇಕಾದದ್ದು ಮೂರು ದಿನ ಆದ ಮೇಲೆ ಗೊತ್ತಾಗುತ್ತದೆ.

ಹಂತ 9: ವಾರಕ್ಕೆ ಹದಿನೈದು ನಿಮಿಷ

ಪ್ರತಿ ಶನಿವಾರ ಹೊಣೆ ಹೊತ್ತವರು ಸರ್ವರ್ ಮುಂದೆ ಕೂರಲಿ. ವಿಂಡೋಸ್‌ನ ‘ಇವೆಂಟ್ ವ್ಯೂವರ್’ ತೆರೆದು ‘ಸೆಕ್ಯುರಿಟಿ’ ಪಟ್ಟಿ ನೋಡಲಿ. 4625 ಅಂದರೆ ಫೇಲಾದ ಲಾಗಿನ್. ರಾತ್ರಿ ಎರಡು ಗಂಟೆಗೆ ಅದು ಸಾಲಾಗಿ ನೂರಾರು ಇದ್ದರೆ ಯಾರೋ ಪಾಸ್‌ವರ್ಡ್ ಊಹಿಸುತ್ತಿದ್ದಾರೆ. 1102 ಇದ್ದರೆ ಯಾರೋ ಆ ದಾಖಲೆಯನ್ನೇ ಅಳಿಸಿದ್ದಾರೆ. ನೀವು ಅಳಿಸಿಲ್ಲ ಅಂದರೆ ನೇರ ಹಂತ 10ಕ್ಕೆ ಹೋಗಿ. ಫೇಲಾದ ಲಾಗಿನ್ ದಾಖಲಾಗದಿದ್ದರೆ ‘ಲೋಕಲ್ ಸೆಕ್ಯುರಿಟಿ ಪಾಲಿಸಿ’ಯಲ್ಲಿ ಅದನ್ನು ಆನ್ ಮಾಡಿ, ಲಾಗ್ ಫೈಲ್‌ನ ಗಾತ್ರವನ್ನೂ ಜಾಸ್ತಿ ಮಾಡಿ. ಸರ್ಟ್‌-ಇನ್ (ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಅಂತ ಹೇಳಿದೆ.

ಲಾಗ್ ನೋಡಲು ಬಾರದವರೂ ಈ ಗುರುತುಗಳನ್ನು ಹಿಡಿಯಬಹುದು. ಆಂಟಿವೈರಸ್ ತಾನಾಗಿ ಆಫ್ ಆಗಿರುವುದು. ಲಾಗಿನ್ ಪರದೆಯಲ್ಲಿ ಗೊತ್ತಿಲ್ಲದ ಹೊಸ ಹೆಸರು. ಯಾರೂ ಮುಟ್ಟದೆ ಮೌಸ್ ಓಡಾಡುವುದು. ನೀವು ಕೇಳದ ಓಟಿಪಿ ಬರುವುದು. ‘ನಿಮ್ಮಿಂದ ವಿಚಿತ್ರ ಮೇಲ್ ಬಂತು’ ಅಂತ ಗ್ರಾಹಕರು ಫೋನ್ ಮಾಡುವುದು. ಯಾವುದೇ ಒಂದಾದರೂ ಸುಮ್ನೆ ರೀಸ್ಟಾರ್ಟ್ ಮಾಡಿ ಮರೆಯಬೇಡಿ. ನೋಟ್‌ಬುಕ್‌ನಲ್ಲಿ ದಿನಾಂಕ, ಹೊತ್ತು ಬರೆದು, ಸಿಸ್ಟಮ್ ನೋಡಿಕೊಳ್ಳುವವರಿಗೆ ತಿಳಿಸಿ.

ಹಂತ 10: ದಾಳಿ ಆದ ದಿನ

ಕ್ರಮ ಇಲ್ಲಿ ಎಲ್ಲಕ್ಕಿಂತ ಮುಖ್ಯ.

ಮೊದಲು ಲ್ಯಾನ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಯಾವ ಸಿಸ್ಟಮ್ ಅಂತ ಗೊತ್ತಾಗದಿದ್ದರೆ ನೆಟ್‌ವರ್ಕ್ ಸ್ವಿಚ್‌ನ ಪವರ್ ತೆಗೆಯಿರಿ, ಎಲ್ಲವೂ ಒಂದರಿಂದ ಒಂದು ಬೇರೆಯಾಗುತ್ತವೆ. ಸಿಸ್ಟಮನ್ನು ಶಟ್‌ಡೌನ್ ಮಾಡಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಹೇಗೆ ಬಂದರು ಅನ್ನುವ ಸುಳಿವು ಮೆಮೊರಿಯಲ್ಲಿ, ಲಾಗ್‌ನಲ್ಲಿ ಇರುತ್ತದೆ. ಕೇಬಲ್ ಕೀಳಲು ಆಗಲೇ ಇಲ್ಲ ಅಂದರೆ ಮಾತ್ರ ಪವರ್ ತೆಗೆಯಿರಿ. ಬ್ಯಾಕಪ್ ಡಿಸ್ಕನ್ನು ಆ ಸಿಸ್ಟಮ್ ಹತ್ತಿರಕ್ಕೂ ತರಬೇಡಿ. ಗಾಬರಿಯಲ್ಲಿ ‘ಬ್ಯಾಕಪ್ ಸರಿ ಇದೆಯಾ ನೋಡೋಣ’ ಅಂತ ಚುಚ್ಚಿ ಅದನ್ನೂ ಕಳೆದುಕೊಂಡವರಿದ್ದಾರೆ.

ಪರದೆಯ ಫೋಟೋ ಮೊಬೈಲ್‌ನಲ್ಲಿ ತೆಗೆಯಿರಿ. ದುಡ್ಡು ಹೋಗಿದ್ದರೆ ಕೂಡಲೇ ಬ್ಯಾಂಕ್‌ಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ಮುಂದಿನ ಖಾತೆಗೆ ಹೋಗದಂತೆ ತಡೆಯುವ ಅವಕಾಶ ಜಾಸ್ತಿ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ದೂರು ಕೊಡಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಈ ಠಾಣೆ ಇದೆ. ದಾಳಿ ನಿಮಗೆ ಗೊತ್ತಾದ 6 ಗಂಟೆಯೊಳಗೆ ಸರ್ಟ್‌-ಇನ್‌ಗೆ ತಿಳಿಸಬೇಕು, ಅದೇ 2022ರ ನಿರ್ದೇಶನದ ಪ್ರಕಾರ. ಅವರ ಟೋಲ್ ಫ್ರೀ ನಂಬರ್ 1800-11-4949.

ದುಡ್ಡು ಕೇಳಿದವರಿಗೆ ಕೊಡಬೇಡಿ. ಕೊಟ್ಟರೂ ಫೈಲ್ ವಾಪಸ್ ಬರುತ್ತದೆ ಅನ್ನುವ ಭರವಸೆ ಇಲ್ಲ. ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಕೀ ಪುಕ್ಕಟೆ ಸಿಗುತ್ತದೆ, ಮೊದಲು ಅಲ್ಲಿ ನೋಡಿ. ಎಲ್ಲ ಪಾಸ್‌ವರ್ಡ್‌ಗಳನ್ನೂ ಬೇರೆ ಒಂದು ಶುದ್ಧ ಸಿಸ್ಟಮ್‌ನಿಂದ ಬದಲಿಸಿ. ಒಳಗೆ ಬಂದ ದಾರಿ ಯಾವುದು ಅಂತ ಗೊತ್ತಾಗಿ, ಅದನ್ನು ಮುಚ್ಚಿ, ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಮಾತ್ರ ಬ್ಯಾಕಪ್‌ನಿಂದ ಡೇಟಾ ತನ್ನಿ. ದಾರಿ ಮುಚ್ಚದೆ ಡೇಟಾ ತಂದರೆ ಅವರು ಮತ್ತೆ ಅದೇ ದಾರಿಯಲ್ಲಿ ಬರುತ್ತಾರೆ.

ಈ ಹಂತ 10ನ್ನು, 1930 ಮತ್ತು ನಿಮ್ಮ ಬ್ಯಾಂಕ್ ಶಾಖೆಯ ನಂಬರ್ ಸಮೇತ, ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ನೆಟ್‌ವರ್ಕ್ ಸ್ವಿಚ್ ಪಕ್ಕದ ಗೋಡೆಗೆ ಅಂಟಿಸಿ. ಕೀಳಬೇಕಾದ ಕೇಬಲ್‌ಗೆ ಕೆಂಪು ಟೇಪ್ ಸುತ್ತಿ. ಹಾಳೆಯನ್ನು ಸಿಸ್ಟಮ್ ಒಳಗೆ ಸೇವ್ ಮಾಡಿಟ್ಟರೆ ಆ ದಿನ ಅದೂ ಓಪನ್ ಆಗುವುದಿಲ್ಲ.